ತಂತಿಯಣ್ಣ ತೆಗೆಯದ ಬಾಗಿಲು

ಶೋರೂಮಿನವನು ಅರ್ಧ ಗಂಟೆ ಮಾತಾಡಿದ, ತಂತಿಯಣ್ಣ ಅರ್ಧ ಗಂಟೆ ಗೋಣು ಆಡಿಸಿದ. ಈ ಗುಂಡಿ ಒತ್ತಿದರೆ ಎಂಜಿನ್, ಆ ಗುಂಡಿ ಎತ್ತಿದರೆ ಹ್ಯಾಂಡ್ ಬ್ರೇಕು, ಪರದೆಯ ಮೇಲೆ ಬೆರಳು ಜಾರಿಸಿದರೆ ಇನ್ನೇನೋ. ಒಂದರದ್ದೂ ತಲೆಬುಡ ತಿಳಿಯಲಿಲ್ಲ. ಆದರೆ ಪಕ್ಕದಲ್ಲೇ ಡಾಕ್ಟರಮ್ಮ ನಿಂತಿದ್ದರು, ಅವರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅವರೆದುರು 'ಅರ್ಥ ಆಗ್ಲಿಲ್ಲಪ್ಪ, ಇನ್ನೊಂದ್ಸಲ ಹೇಳು' ಎನ್ನಲು ಮೂವತ್ತು ವರ್ಷ ಸ್ಟೇರಿಂಗು ಹಿಡಿದ ಮನುಷ್ಯನಿಗೆ ಬಾಯಿ ಬರುವುದಾದರೂ ಹೇಗೆ? ಬರಲಿಲ್ಲ.

ಅವನ ತಲೆಯಲ್ಲಿ ನಿಂತದ್ದು ಕೊನೆಯ ಒಂದು ಮಾತು. "ಕೀ ನಿಮ್ಮ ಹತ್ರ ಇದ್ರೆ ಸಾಕು ಸಾರ್. ಹ್ಯಾಂಡಲ್ ಮುಟ್ಟಿದ್ರೆ ಬಾಗಿಲು ತಾನೇ ತೆರೆಯುತ್ತೆ. ಕೀ ಹೊರಗೆ ತೆಗೆಯೋದೇ ಬೇಡ."

ಇಪ್ಪತ್ತೆರಡು ವರ್ಷ ಕಣ್ಣಿನ ಡಾಕ್ಟರರ ಗಾಡಿ ಓಡಿಸಿದವನಿಗೆ 'ಬೇಡ' ಎಂದರೆ ಏನೆಂದು ಚೆನ್ನಾಗಿ ಗೊತ್ತು. ಕಣ್ಣು ಉಜ್ಜೋದು ಬೇಡ, ತಲೆಗೆ ನೀರು ಹಾಕೋದು ಬೇಡ, ಭಾರ ಎತ್ತೋದು ಬೇಡ. ಡಾಕ್ಟರಮ್ಮ ಹಾಗೆ ಹೇಳಿದ ಮೇಲೆ ಯಾವ ರೋಗಿಯೂ ಯಾಕೆ ಎಂದು ಕೇಳಿದ್ದಿಲ್ಲ. ಆ ಪಟ್ಟಿಗೆ ಇದೂ ಒಂದು ಸೇರಿತು: ಕೀ ಹೊರಗೆ ತೆಗೆಯೋದು ಬೇಡ. ತೆಗೆದರೆ ಒಳಗಿನ ಯಾವುದೋ ನಾಜೂಕು ಭಾಗ ಗಾಳಿಗೋ ಬಿಸಿಲಿಗೋ ಕೆಟ್ಟುಹೋಗುತ್ತದೆ ಎಂದು ಅವನು ತನಗೆ ತಾನೇ ತೀರ್ಮಾನಿಸಿಕೊಂಡ.

ತಂತಿಯಣ್ಣ ಅಂದರೆ ಅವನ ಲೈಸೆನ್ಸಿನಲ್ಲಿರುವ ಹೆಸರಲ್ಲ, ಬೀದಿ ಇಟ್ಟ ಹೆಸರು. ಕೀ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಪೆಚ್ಚುಮೋರೆ ಹಾಕಿ ನಿಂತ ಎಷ್ಟು ಜನರ ಕಾರುಗಳನ್ನು ಅವನು ಒಂದೇ ಒಂದು ತಂತಿಯಿಂದ ತೆಗೆದುಕೊಟ್ಟಿದ್ದಾನೋ ಲೆಕ್ಕವಿಲ್ಲ. ತುದಿ ಬಗ್ಗಿಸಿದ ತಂತಿಯನ್ನು ಕಿಟಕಿಯ ರಬ್ಬರಿನ ಸಂದಿಯಲ್ಲಿ ಇಳಿಬಿಟ್ಟು, ಕಣ್ಣು ಮುಚ್ಚಿ, ಕಿವಿಯನ್ನು ಬಾಗಿಲಿಗೆ ಆನಿಸಿ, ಒಮ್ಮೆ ಕೈ ತಿರುಗಿಸಿದ ಅಂದರೆ ಟಕ್. ಮದುಮಗನ ಕಾರು, ಬ್ಯಾಂಕ್ ಮ್ಯಾನೇಜರರ ಕಾರು, ಒಂದು ಸಲ ಪೊಲೀಸರ ಜೀಪು ಕೂಡ. ಜೀಪಿನ ಕಥೆಯನ್ನು ಅವನು ಹೇಳದ ಮನುಷ್ಯ ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಅಂಥವನ ಹೊಟ್ಟೆಯೊಳಗೆ ಈಗ ಐದು ದಿನದಿಂದ ಕಲ್ಲು ಕೂತಿತ್ತು. ಸೋಮವಾರ ಹೊಸ ಗಾಡಿ ಮನೆಗೆ ಬಂದ ಸಂಜೆ ಅವನು ಅದರ ಕನ್ನಡಿ ಒರೆಸುತ್ತಿದ್ದಾಗ ಡಾಕ್ಟರಮ್ಮನ ತಮ್ಮ ಜಗುಲಿಯಲ್ಲಿ ಕೂತು ಮಾತಾಡಿದ್ದು ಕಿವಿಗೆ ಬಿದ್ದಿತ್ತು. "ಅಕ್ಕಾ, ಇದು ಅವನ ಕೈಲಾಗೋ ಗಾಡಿ ಅಲ್ಲ. ನನಗೆ ಗೊತ್ತಿರೋ ಡ್ರೈವರ್ ಒಬ್ಬ ಇದ್ದಾನೆ, ಇಂಥ ಗಾಡೀನೇ ಓಡಿಸಿರೋನು. ಕಳಿಸ್ಲಾ?"

ಡಾಕ್ಟರಮ್ಮ ಅಂದದ್ದು ಇಷ್ಟೇ: "ಒಂದು ವಾರ ನೋಡೋಣ. ಹೊಂದ್ಕೊಳ್ಳಲಿಲ್ಲ ಅಂದ್ರೆ ಬದಲಾಯಿಸೋದೇ."

ನೋಡೋಣ ಎನ್ನುವುದು ಡಾಕ್ಟರಮ್ಮನ ಬಾಯಿಯ ಮಾತು. ಪಟ್ಟಿ ಬಿಚ್ಚುವಾಗ ನೋಡೋಣ, ಹೊಸ ಕನ್ನಡಕ ಕೊಡುವಾಗ ನೋಡೋಣ. ಬಾಗಿಲ ಹೊರಗೆ ಕೂತು ಅದನ್ನು ಸಾವಿರ ಸಲ ಕೇಳಿಸಿಕೊಂಡಿದ್ದ ತಂತಿಯಣ್ಣನಿಗೆ ಒಳಗೆ ಕೂತ ರೋಗಿಗೆ ಅದನ್ನು ಕೇಳಿದಾಗ ಏನಾಗುತ್ತದೆ ಎಂದು ಮೊದಲ ಸಲ ಗೊತ್ತಾಯಿತು. ಐವತ್ತೇಳರ ವಯಸ್ಸಿನಲ್ಲಿ ಇನ್ನೊಬ್ಬರ ಮನೆಯ ಬಾಗಿಲಿಗೆ ಹೋಗಿ ಕೆಲಸ ಕೇಳುವುದೆಂದರೇನು ತಮಾಷೆಯೇ? ಅದಕ್ಕಿಂತ ಹೆಚ್ಚಾಗಿ, ಬೇರೆ ಯಾರದೋ ಪಕ್ಕದಲ್ಲಿ ಕೂತು ಗಾಡಿ ಓಡಿಸುವುದು ಅವನ ಕಲ್ಪನೆಗೂ ಬರುತ್ತಿರಲಿಲ್ಲ.

ಗಾಡಿಯೋ, ಅವನ ಮಾನ ಕಳೆಯಲೆಂದೇ ಹುಟ್ಟಿದ ಹಾಗಿತ್ತು. ಬಾಗಿಲು ಹಾಕಿದ ಮೇಲೆ ಹ್ಯಾಂಡಲನ್ನು ಮೂರು ಸಲ ಎಳೆದು ನೋಡುವುದು ಅವನ ಮೂವತ್ತು ವರ್ಷದ ಅಭ್ಯಾಸ. ಹಳೆಯ ಗಾಡಿಯಲ್ಲಿ ಮೂರು ಸಲವೂ ಗಟ್ಟಿಯಾಗಿ ನಿಂತರೆ ಮನಸ್ಸಿಗೆ ಸಮಾಧಾನ, ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ. ಇದು ಹಾಗಲ್ಲ. ಲಾಕ್ ಮಾಡಿದ, ಎಳೆದ, ತೆರೆಯಿತು. ಮತ್ತೆ ಮಾಡಿದ, ಎಳೆದ, ತೆರೆಯಿತು. ಹತ್ತು ಹೆಜ್ಜೆ ಆಚೆ ಹೋಗಿ, ಏನೂ ಗೊತ್ತಿಲ್ಲದವನ ಹಾಗೆ ಬೇರೆ ಕಡೆ ನೋಡುತ್ತ ಬಂದು ಫಕ್ಕನೆ ಎಳೆದ. ಅದಕ್ಕೂ ತೆರೆಯಿತು, ಜೊತೆಗೆ ಎರಡೂ ಕಡೆಯ ಕನ್ನಡಿಯನ್ನು ಕಿವಿ ನಿಮಿರಿಸಿದ ಹಾಗೆ ಬಿಚ್ಚಿ ಟುಂಯ್ ಎಂದಿತು. ಮಂಗಳವಾರ ಸಂಜೆ ಡಾಕ್ಟರಮ್ಮನ ಮನೆಯ ಮುಂದೆ ಇಪ್ಪತ್ತು ನಿಮಿಷ ಹೀಗೆ ಗಾಡಿಯ ಜೊತೆ ಕಣ್ಣಾಮುಚ್ಚಾಲೆ ಆಡಿ, ಲಾಕು ಕೆಟ್ಟಿದೆ ಎಂದು ನಿರ್ಧರಿಸಿ, ತುಟಿ ಪಿಟಕ್ ಎನ್ನದೆ ಮನೆಗೆ ಹೋದ. ಕೆಟ್ಟಿದೆ ಎಂದು ಬಾಯಿ ಬಿಟ್ಟರೆ ತಮ್ಮನವರು, ನೋಡಿದ್ಯಾ ಅಕ್ಕಾ, ನಾನು ಹೇಳ್ಲಿಲ್ವಾ ಎನ್ನುವುದಿಲ್ಲವೇ?

ಹೆಂಡತಿಗೆ ಮಾತ್ರ ಹೇಳಿದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿಸಿಕೊಂಡಳು.

"ಬೇರೆಯವ್ರು ಎಳೆದ್ರೆ?"

"ಬೇರೆಯವ್ರ ಕೈಲಿ ಯಾಕೆ ಎಳೆಸ್ಲಿ?"

"ಹಾಗಾದ್ರೆ ನಿಮ್ಮನ್ನ ಕಂಡ್ರೆ ಅದಕ್ಕೆ ಪ್ರೀತಿ ಇರ್ಬೇಕು ಬಿಡಿ," ಎಂದಳು ಅವಳು. "ನನಗೂ ಮೊದಮೊದಲು ಹಾಗೇ ಇತ್ತು."

"ಗೋಳು ಹುಯ್ಕೋಬೇಡ ಮಾರಾಯ್ತಿ. ನನ್ನ ಹೊಟ್ಟೆಯುರಿ ನನಗೆ."

ಬುಧವಾರ ಇನ್ನೊಂದು ಅಧ್ವಾನ. ಟೈರಿಗೆ ಸಿಕ್ಕ ಕಲ್ಲು ತೆಗೆಯಲು ಬಗ್ಗಿದಾಗ ಅಂಗಿಯ ಜೇಬಿನಿಂದ ಕೀ ಜಾರಿ ಚರಂಡಿಯ ಅಂಚಿನಲ್ಲಿ ಹೋಗಿ ನಿಂತಿತು. ಇನ್ನೊಂದು ಬೆರಳಷ್ಟು ಉರುಳಿದ್ದರೆ ಮುಗಿದೇಹೋಗುತ್ತಿತ್ತು. ಜೀವ ಬಾಯಿಗೆ ಬಂದವನು ಅದನ್ನು ಎತ್ತಿ, ಒರೆಸಿ, ಹೊರಗೆ ಬಂದ ಕೀ ಕೆಟ್ಟಿತೋ ಏನೋ ಎಂದುಕೊಳ್ಳುತ್ತ ಮತ್ತೆ ಜೇಬಿಗೆ ಸೇರಿಸಿದ. ಇದನ್ನೂ ಹೆಂಡತಿಗೆ ಹೇಳಿದ. ಗುರುವಾರ ರಾತ್ರಿಯ ಊಟಕ್ಕೆ ಮೊದಲೇ ಅವಳು ಅದಕ್ಕೆ ಉಪಾಯ ಹುಡುಕಿದ್ದಳು. ಅವಳ ಗುಂಡಿ ಡಬ್ಬಿ, ಅಂದರೆ ಅಂಗಿಯ ಗುಂಡಿಗಳನ್ನು ಹಾಕಿಡುತ್ತಿದ್ದ ಅಂಗೈಯಗಲದ ಸ್ಟೀಲ್ ಡಬ್ಬಿ. ಅದರ ಮುಚ್ಚಳ ಎಷ್ಟು ಬಿಗಿಯೆಂದರೆ ಉಗುರು ಹಾಕಿ ಎಬ್ಬಿಸಿದರೂ ಒಂದು ನಿಮಿಷ ಹಟ ಮಾಡುತ್ತಿತ್ತು.

"ಗಾಡಿ ನಿಲ್ಲಿಸಿ ಇಳಿದ ಮೇಲೆ ಇದರಲ್ಲಿ ಹಾಕಿ ಊಟದ ಚೀಲದಲ್ಲಿಟ್ಕೊಳ್ಳಿ. ಬೀಳಲ್ಲ, ನೆನೆಯಲ್ಲ."

ಡಬ್ಬಿಯೆಂದರೂ ಒಂಥರಾ ಜೇಬೇ ತಾನೆ. ತಂತಿಯಣ್ಣನಿಗೆ ಒಪ್ಪಿಗೆಯಾಯಿತು. ತಳದಲ್ಲಿ ಉಳಿದುಕೊಂಡಿದ್ದ ಎರಡು ಮೂರು ಗುಂಡಿಗಳನ್ನು ತೆಗೆಯುವಷ್ಟು ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಶುಕ್ರವಾರ ಎಂದರೆ ಊರಾಚೆಯ ಚಿಕ್ಕ ಕಣ್ಣಾಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವ ದಿನ. ಒಂದು ಗಂಟೆಯ ದಾರಿ. ಹಿಂದಿನ ದಿನ ಅಲ್ಲಿ ಆಪರೇಷನ್ ಮಾಡಿಸಿಕೊಂಡ ಒಂಬತ್ತು ಮಂದಿ ಜಗುಲಿಯ ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು, ಒಬ್ಬೊಬ್ಬರಿಗೂ ಒಂದೊಂದು ಕಣ್ಣಿಗೆ ಬಿಳಿ ಪಟ್ಟಿ. ಡಾಕ್ಟರಮ್ಮ ಇಳಿಯುತ್ತಲೇ ನರ್ಸಮ್ಮ ಬಂದು ಏನೋ ಹೇಳುತ್ತ ಒಳಗೆ ಕರೆದುಕೊಂಡು ಹೋದರು.

ತಂತಿಯಣ್ಣ ಗಾಡಿ ಇಳಿದು ಹ್ಯಾಂಡಲ್ ಮುಟ್ಟಿ ಲಾಕ್ ಮಾಡಿದ. ಗಾಡಿಗೆ ಬೆನ್ನು ತಿರುಗಿಸಿ, ಕೆಂಡ ಹಿಡಿದವನ ಅವಸರದಲ್ಲಿ ಕೀಯನ್ನು ಜೇಬಿನಿಂದ ಡಬ್ಬಿಗೆ ದಾಟಿಸಿ ಮುಚ್ಚಳ ಒತ್ತಿದ. ಡಬ್ಬಿ ಚೀಲಕ್ಕೆ ಹೋಯಿತು. ಆಮೇಲೆ ಎಂದಿನಂತೆ ಹ್ಯಾಂಡಲ್ ಎಳೆದ.

ಗಟ್ಟಿ.

ಇನ್ನೊಂದು ಸಲ ಎಳೆದ. ಗಟ್ಟಿ. ಮೂರನೆಯ ಸಲ ಮೈಯ ಬಲವನ್ನೆಲ್ಲ ಹಾಕಿದ. ಗಾಡಿ ಅಲುಗಾಡಿತೇ ಹೊರತು ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ತಂತಿಯಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಬರುವ ದಾರಿಯಲ್ಲಿ ಡಾಕ್ಟರಮ್ಮ ತೂಕಡಿಸುತ್ತಿದ್ದಾಗ ಅವನು ಗಾಡಿಗೆ ಮೆಲ್ಲಗೆ ನಾಲ್ಕು ಮಾತು ಬೈದಿದ್ದ. ಬೈದದ್ದು ನಾಟಿದೆ ಎಂದುಕೊಂಡು ಎದುರಿನ ಪಂಕ್ಚರ್ ಅಂಗಡಿಯವನ ಜೊತೆ ಟೀ ಕುಡಿಯುತ್ತ ಪೊಲೀಸ್ ಜೀಪಿನ ಕಥೆ ಎತ್ತಿದ.

ಕಥೆ ಅರ್ಧಕ್ಕೆ ಬಂದಿತ್ತು, ಜಗುಲಿಯಿಂದ ನರ್ಸಮ್ಮ ಕೂಗಿದರು. "ಅಣ್ಣಾ, ಡಾಕ್ಟರಮ್ಮನ ಪೆಟ್ಟಿಗೆ ಡಿಕ್ಕಿಯಲ್ಲೇ ಉಳ್ಕೊಂಡಿದೆಯಂತೆ. ಬೇಗ ತನ್ನಿ, ಪಟ್ಟಿ ಬಿಚ್ಬೇಕು."

ತಂತಿಯಣ್ಣ ಚೀಲ ಹೆಗಲಿಗೇರಿಸಿ ಹೋಗಿ ಡಿಕ್ಕಿ ಮುಟ್ಟಿದ. ತೆರೆಯಲಿಲ್ಲ. ಮುಂದಿನ ಬಾಗಿಲು ಎಳೆದ. ಇಲ್ಲ. ಎಡಗಡೆ, ಬಲಗಡೆ, ಹಿಂದೆ. ಐದು ದಿನ ಬೇಡ ಬೇಡ ಎಂದರೂ ತೆರೆದುಕೊಂಡ ಗಾಡಿ ಈಗ ಅವನ ಗುರುತೇ ಇಲ್ಲದ ಹಾಗೆ ಕಿವಿ ಮಡಚಿಕೊಂಡು ನಿಂತಿತ್ತು. ಕೀ ಹತ್ತಿರ ಇದೆಯೇ? ಇದೆ, ಹೆಗಲಲ್ಲೇ ಇದೆ. ಹೊರಗೆ ತೆಗೆದಿದ್ದೇನೆಯೇ? ಇಲ್ಲ. ಮತ್ತೆ ಯಾಕೆ ಈ ಹಟ?

ನೋಡನೋಡುತ್ತ ಜನ ಸೇರಿದರು. ಆಸ್ಪತ್ರೆಯ ಮುಂದೆ ಕಾಯುವವರಿಗೆ ಬೇರೆ ಕೆಲಸವಾದರೂ ಏನಿರುತ್ತದೆ? ಬ್ಯಾಟರಿ ಇಳಿದಿರ್ಬೇಕು ಎಂದ ಒಬ್ಬ. ಬಿಸಿಲಿಗೆ ಬಾಗಿಲು ಹಿಗ್ಗಿರ್ಬೇಕು ಎಂದ ಇನ್ನೊಬ್ಬ, ಬಿಸಿಲು ಇನ್ನೂ ಗೋಡೆಯಿಂದ ಕೆಳಗೆ ಇಳಿದಿರಲಿಲ್ಲ. ನಾಲ್ಕು ಜನ ಎತ್ತಿ ಕುಲುಕಿದರೆ ಸರಿಹೋಗುತ್ತದೆ ಎಂಬುದು ಮತ್ತೊಬ್ಬನ ಅಭಿಪ್ರಾಯ. ಪಂಕ್ಚರ್ ಅಂಗಡಿಯವನು ಮಾತ್ರ ಎದೆಯುಬ್ಬಿಸಿ, "ಎಲ್ರೂ ಸುಮ್ನಿರಿ, ತಂತಿಯಣ್ಣ ಇದ್ದ ಮೇಲೆ ಏನು ಚಿಂತೆ," ಎಂದು ಒಳಗೆ ಹೋಗಿ ಒಂದು ತಂತಿ ತಂದು ಕೈಗಿಟ್ಟ.

ಇಷ್ಟು ಜನರ ಮುಂದೆ ಆಗಲ್ಲ ಎನ್ನುವುದು ಹೇಗೆ? ತಂತಿಯಣ್ಣ ತುದಿ ಬಗ್ಗಿಸಿದ, ರಬ್ಬರಿನ ಸಂದಿಯಲ್ಲಿ ಇಳಿಬಿಟ್ಟ, ಕಣ್ಣು ಮುಚ್ಚಿ ಕಿವಿ ಆನಿಸಿದ. ಒಳಗೆ ಅವನಿಗೆ ಗೊತ್ತಿದ್ದ ಯಾವ ಕೊಕ್ಕೆಯೂ ಸಿಗಲಿಲ್ಲ. ಇನ್ನೂ ಸ್ವಲ್ಪ ಕೆಳಗೆ ತಡಕಿದ. ಗಾಡಿ ಆ ಕ್ಷಣಕ್ಕೇ ಕಾದಿದ್ದ ಹಾಗೆ ನಾಲ್ಕೂ ದೀಪ ಮಿಟುಕಿಸಿ ಇಡೀ ಬೀದಿಗೆ ಕೇಳುವಂತೆ ಅರಚಿಕೊಳ್ಳತೊಡಗಿತು. ಬೆಂಚಿನ ಮೇಲಿದ್ದ ಒಂಬತ್ತು ಪಟ್ಟಿ ಕಟ್ಟಿದ ಮುಖಗಳೂ ಒಟ್ಟಿಗೆ ಈ ಕಡೆ ತಿರುಗಿದವು. ಎಲ್ಲರ ಕಾರು ತೆಗೆದವನು ತನ್ನದೇ ಗಾಡಿಯ ಮುಂದೆ ಕಳ್ಳನ ಹಾಗೆ ತಂತಿ ಹಿಡಿದು ನಿಂತಿದ್ದ.

ಅರಚಾಟ ನಿಲ್ಲುವಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದಿದ್ದರು. ಏನು ಎತ್ತ ಎಂದು ಕೇಳಿಕೊಂಡು, ಶೋರೂಮಿಗೆ ಫೋನ್ ಮಾಡಿದರು. "ಕೀ ನಿಮ್ಮ ಹತ್ರಾನೇ ಇದೆ ಅಂದ್ರೆ ತೆರೀಲೇಬೇಕು ಮೇಡಂ," ಎಂದಿತು ಆ ಕಡೆಯ ದನಿ. "ತೆರೀತಿಲ್ಲ ಅಂದ್ರೆ ಒಬ್ಬರನ್ನ ಕಳಿಸ್ತೀವಿ, ಎರಡು ಮೂರು ಗಂಟೆ ಆಗುತ್ತೆ."

ಮೂರು ಗಂಟೆ. ಪೆಟ್ಟಿಗೆಯಲ್ಲಿ ಡಾಕ್ಟರಮ್ಮ ಕಣ್ಣೊಳಗೆ ಇಣುಕಿ ನೋಡುವ ದೀಪವಿತ್ತು, ಔಷಧಿಯಿತ್ತು. ಅವಿಲ್ಲದೆ ಒಂದು ಪಟ್ಟಿಯನ್ನೂ ಬಿಚ್ಚುವಂತಿರಲಿಲ್ಲ.

ತಂತಿಯಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ತಪ್ಪು ನಂದೇ ಅಮ್ಮ," ಎಂದ, ನೆಲ ನೋಡುತ್ತ. "ಅವತ್ತು ಶೋರೂಮಲ್ಲಿ ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆಯ್ತು ಆಯ್ತು ಅಂತ ತಲೆ ಆಡಿಸ್ಬಿಟ್ಟೆ. ನಿಮ್ಮ ತಮ್ಮನವರು ಹೇಳಿದ್ದೇ ಸರಿ. ಇದು ನನ್ನ ಕೈಲಾಗೋ ಗಾಡಿ ಅಲ್ಲ."

ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೆಂಚಿನ ತುದಿಯಲ್ಲಿದ್ದ ಅಜ್ಜಿಯೊಬ್ಬಳು, "ಅದೇನಪ್ಪಾ ಅದು ಗಲಗಲ ಅನ್ನೋದು?" ಎಂದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮೊದಲಿನಿಂದಲೂ ಮಂಜು. ನಿನ್ನೆಯಿಂದ ಅವಳಿಗೆ ಲೋಕವೆಂದರೆ ಬರೀ ಸದ್ದು. "ಆಗ್ಲಿಂದ ಕೇಳ್ತಿದೀನಿ, ನೀನು ಗಾಡಿ ಸುತ್ತ ತಿರುಗಿದಾಗೆಲ್ಲ ನಿನ್ನ ಹತ್ರ ಏನೋ ಗಲಗಲ ಅನ್ನುತ್ತೆ."

"ಗುಂಡಿ ಡಬ್ಬಿ ಅಜ್ಜಿ."

"ಗಾಡಿ ಓಡಿಸೋನಿಗೆ ಗುಂಡಿ ಡಬ್ಬಿ ಯಾಕಪ್ಪ?"

"ಕೀ ಇದೆ ಅದರೊಳಗೆ. ಬೀಳಬಾರದು ಅಂತ."

"ಆ ಗಾಡಿ ಕೀನಾ?"

"ಹ್ಞೂಂ."

ಅಜ್ಜಿ ತನ್ನ ಪಟ್ಟಿಯನ್ನು ಬೆರಳಿನಿಂದ ತೋರಿಸಿದಳು. "ನನ್ನ ಕಣ್ಣಿಗೆ ಪಟ್ಟಿ ಕಟ್ಟಿ, ಇದು ಯಾರು ಹೇಳು ಅಂದ್ರೆ ನಾನೇನು ಹೇಳ್ಲಿ? ಹಾಗೇ ನೀನು ಅದನ್ನ ಸ್ಟೀಲು ಡಬ್ಬೀಲಿ ಮುಚ್ಚಿಟ್ಟು, ಗುರುತು ಹಿಡಿ ಅಂದ್ರೆ ಗಾಡಿಗೆ ಹೇಗೆ ಕಾಣ್ಬೇಕು? ಹೊರಗೆ ತೆಗಿಯೋ."

"ಹೊರಗೆ ತೆಗೆಯೋದು ಬೇಡ ಅಂದಿದ್ದಾರೆ ಅಜ್ಜಿ."

"ತೆಗೆಯೋ ಅಗತ್ಯ ಇಲ್ಲ ಅಂದಿರ್ತಾರೆ ಕಣೋ ಪುಣ್ಯಾತ್ಮ. ತೆಗೆದ್ರೆ ಕೈ ಕತ್ತರಿಸ್ತೀನಿ ಅಂದ್ರಾ?"

ತಂತಿಯಣ್ಣ ಡಬ್ಬಿಯನ್ನು ಚೀಲದಿಂದ ತೆಗೆದು ಡಾಕ್ಟರಮ್ಮನ ಮುಖ ನೋಡಿದ. ಡಾಕ್ಟರಮ್ಮ ಡಬ್ಬಿಯನ್ನು ನೋಡಿದರು.

"ತೆಗೀರಿ," ಎಂದರು. "ನೋಡೋಣ."

ಮುಚ್ಚಳ ತನ್ನ ಹಟ ಬಿಡಲಿಲ್ಲ. ಬೆವರಿದ ಹೆಬ್ಬೆರಳು ಎರಡು ಸಲ ಜಾರಿತು. ಮೂರನೆಯ ಸಲ ಡಬ್ಬಿಯನ್ನು ಮೆಟ್ಟಿಲಿಗೆ ಒಮ್ಮೆ ತಟ್ಟಿ ಎಳೆದಾಗ ಮುಚ್ಚಳ ಹಾರಿ, ಗುಂಡಿಗಳು ನೆಲಕ್ಕೆ ಚೆಲ್ಲಿ, ಕೀ ಅವನ ಅಂಗೈಗೆ ಬಂತು. ಓಡಿಹೋಗಿ ಡಿಕ್ಕಿ ಮುಟ್ಟಿದ.

ಟುಂಯ್. ಕನ್ನಡಿಗಳು ಕಿವಿ ನಿಮಿರಿಸಿದವು, ಡಿಕ್ಕಿ ಮೆಲ್ಲಗೆ ಬಾಯಿ ತೆರೆಯಿತು. ಬಿಸಿಲಿಗೆ ಬಾಗಿಲು ಹಿಗ್ಗಿದೆ ಎಂದಿದ್ದವನು, ನಾನು ಆಗಲೇ ಹೇಳ್ಲಿಲ್ವಾ ಎಂದ.

ತಂತಿಯಣ್ಣ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ತಂದಿಟ್ಟ. ಮೊದಲು ಪಟ್ಟಿ ಬಿಚ್ಚಿದ್ದು ಆ ಅಜ್ಜಿಗೇ. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಔಷಧಿ ಬಿಟ್ಟು, ನಿಧಾನಕ್ಕೆ ಕಣ್ಣು ತೆರೆಯಲು ಹೇಳಿದರು. ಅಜ್ಜಿ ಗೋಡೆ ನೋಡಿದಳು, ಕಿಟಕಿ ನೋಡಿದಳು, ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ, "ಆ ಡಬ್ಬಿಯೋನು ಎಲ್ಲಿ?" ಎಂದಳು.

ಬಾಗಿಲಲ್ಲಿ ನಿಂತಿದ್ದ ತಂತಿಯಣ್ಣ ಎರಡು ಹೆಜ್ಜೆ ಒಳಗೆ ಬಂದ.

"ಅಯ್ಯೋ, ದನಿ ಕೇಳಿ ಚಿಕ್ಕೋನು ಅಂದ್ಕೊಂಡಿದ್ದೆ. ತಲೆಯೆಲ್ಲ ಬೆಳ್ಳಗಾಗಿದೆಯಲ್ಲೋ," ಎಂದಳು ಅಜ್ಜಿ. ಒಂದೊಂದು ಕೂದಲೂ ಕಾಣುತ್ತಿದೆ ಎಂಬ ಸಂತೋಷಕ್ಕೆ ಅವಳಿಗೆ ನಗು ತಡೆಯಲಾಗಲಿಲ್ಲ.

ಗಾಡಿ ವಾಪಸು ಹೊರಟು ಊರು ದಾಟಿತು. ಒಂಬತ್ತು ಕಣ್ಣೂ ಚೆನ್ನಾಗಿದ್ದವು, ಆ ಖುಷಿ ಡಾಕ್ಟರಮ್ಮನ ಮುಖದಲ್ಲಿತ್ತು. ತಂತಿಯಣ್ಣ ಮಾತ್ರ ರಸ್ತೆಯನ್ನೇ ನೋಡುತ್ತಿದ್ದ. ಕೊನೆಗೆ ಆಗಿದ್ದಾಗಲಿ ಎಂದು ಕೇಳಿಯೇಬಿಟ್ಟ.

"ಅಮ್ಮ, ಸೋಮವಾರದಿಂದ ಆ ಹೊಸಬರು ಬರ್ತಾರಾ?"

"ಯಾವ ಹೊಸಬರು?"

"ನಿಮ್ಮ ತಮ್ಮನವರು ಹೇಳಿದ ಡ್ರೈವರ್. ಒಂದು ವಾರ ನೋಡೋಣ, ಹೊಂದ್ಕೊಳ್ಳಲಿಲ್ಲ ಅಂದ್ರೆ ಬದಲಾಯಿಸೋದೇ ಅಂದ್ರಲ್ಲ. ನನ್ನ ಕಿವಿಗೆ ಬಿತ್ತು."

ಡಾಕ್ಟರಮ್ಮ ಕನ್ನಡಕ ತೆಗೆದು ಅವನ ಕಡೆಗೇ ತಿರುಗಿ ಕೂತರು. "ನಾನು ಬದಲಾಯಿಸೋದು ಅಂದಿದ್ದು ಗಾಡೀನ. ನಿಮ್ಮನ್ನ ಬದಲಾಯಿಸೋದಾ? ನಿಮಗೇನು ಹುಚ್ಚಾ ತಂತಿಯಣ್ಣ?"

ತಂತಿಯಣ್ಣನಿಗೆ ಮುಂದಿನ ರಸ್ತೆ ಕಾಣಲಿಲ್ಲ. ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. ಐದು ದಿನದ ಕಲ್ಲು ಹೊಟ್ಟೆಯಿಂದ ಇಳಿದುಹೋಗಿ, ಬೆಳಗ್ಗಿನಿಂದ ತಾನು ಏನೂ ತಿಂದಿಲ್ಲ ಎಂಬುದು ಒಮ್ಮೆಲೇ ನೆನಪಾಯಿತು.

"ಕಣ್ಣು ಉಜ್ಜೋದು ಬೇಡ," ಎಂದರು ಡಾಕ್ಟರಮ್ಮ. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ತಮ್ಮನ ಹತ್ರ ಬಾಯಿ ಬಿಡ್ಬೇಡಿ. ಅವತ್ತು ನನಗೂ ಏನೂ ಅರ್ಥ ಆಗ್ಲಿಲ್ಲ. ನೀವು ತಲೆ ಆಡಿಸ್ತಿದ್ರಿ, ಡ್ರೈವರಿಗೆ ಗೊತ್ತಾದ್ರೆ ಸಾಕು ಅಂತ ನಾನೂ ಆಡಿಸ್ದೆ. ಸೋಮವಾರದಿಂದ ಈ ಸೀಟು ಕೆಳಗಿಂದ ಬಿಸಿ ಬರ್ತಿದೆ. ಎಲ್ಲಿ ಆಫ್ ಮಾಡೋದು ಗೊತ್ತಾಗ್ತಿಲ್ಲ. ಬೆಂದು ಹೋಗಿದೀನಿ."

"ಹೇಳ್ಬಾರ್ದಿತ್ತಾ ಅಮ್ಮ?"

"ನೀವು ಹೇಳಿದ್ರಾ?"

ಇಬ್ಬರೂ ಅಲ್ಲೇ ರಸ್ತೆ ಬದಿಯಲ್ಲಿ ಗಾಡಿಯೊಳಗಿನ ಒಂದೊಂದೇ ಗುಂಡಿ ಒತ್ತುತ್ತ ಹೋದರು. ವೈಪರ್ ಆಡಿತು, ಮೇಲಿನ ಗಾಜು ತೆರೆಯಿತು, ಪರದೆಯೊಳಗಿಂದ ಯಾರೋ ಹೆಂಗಸು, ಎಡಕ್ಕೆ ತಿರುಗಿ ಎಂದಳು. ಹನ್ನೊಂದನೆಯ ಗುಂಡಿಗೆ ಸೀಟು ತಣ್ಣಗಾಯಿತು.

ಸಂಜೆ ಡಾಕ್ಟರಮ್ಮನ ಮನೆಯ ಮುಂದೆ ಗಾಡಿ ನಿಲ್ಲಿಸಿ ಇಳಿದು ಲಾಕ್ ಮಾಡಿದ ತಂತಿಯಣ್ಣನಿಗೆ ಕೈ ತಡೆಯಲಿಲ್ಲ, ಹ್ಯಾಂಡಲಿನ ಕಡೆಗೆ ಹೋಯಿತು. ಕೀ ಕಂಡರೇ ಗಾಡಿ ಗುರುತು ಹಿಡಿಯುತ್ತದೆ ಎಂಬ ಅಜ್ಜಿಯ ಮಾತು ನೆನಪಾಗಿ ಅಲ್ಲೇ ನಿಂತ. ಕೀಯನ್ನು ಜೇಬಿನಿಂದ ತೆಗೆದು, ಗೇಟಿನ ಹತ್ತಿರ ಹೋಗಿದ್ದ ಡಾಕ್ಟರಮ್ಮನ ಕೈಗೆ ಕೊಟ್ಟ.

"ಸ್ವಲ್ಪ ಇದನ್ನ ಹಿಡ್ಕೊಂಡು ಇಲ್ಲೇ ನಿಂತಿರ್ತೀರಾ ಅಮ್ಮ?"

ಅವರು ಏಕೆ ಏನು ಎನ್ನದೆ ನಿಂತರು. ತಂತಿಯಣ್ಣ ಗಾಡಿಯ ಹತ್ತಿರ ಹೋಗಿ ಎಳೆದ. ಗಟ್ಟಿ. ಎರಡನೆಯ ಸಲ, ಮೂರನೆಯ ಸಲ, ಗಟ್ಟಿ.

"ಸರಿ ಇದೆಯಾ?" ಎಂದು ಡಾಕ್ಟರಮ್ಮ ಗೇಟಿನಿಂದಲೇ ಕೇಳಿದರು.

"ಸರಿ ಇದೆ ಅಮ್ಮ."

ಅಂದಿನಿಂದ ದಿನವೂ ಸಂಜೆ ಆ ಬೀದಿಯಲ್ಲಿ ಹೋಗುವವರಿಗೆ ಇದು ಕಾಣುತ್ತದೆ. ಡಾಕ್ಟರಮ್ಮ ಕೈಯಲ್ಲಿ ಕೀ ಹಿಡಿದು ಗೇಟಿನಲ್ಲಿ ನಿಂತಿರುತ್ತಾರೆ, ತಂತಿಯಣ್ಣ ಮೂರು ಸಲ ಎಳೆದು ನೋಡುತ್ತಾನೆ, ಆಮೇಲೆ ಇಬ್ಬರೂ ತಮ್ಮ ತಮ್ಮ ಮನೆಗೆ ಹೋಗುತ್ತಾರೆ.